ಕುದುರೆಯಿಲ್ಲದ ಭಾವ

ನ್ಯೂಯಾರ್ಕಿನ ಇಡೀ ಕ್ವೀನ್ಸ್‌ನಲ್ಲಿ ಕುದುರೆಯಿಲ್ಲದ ನೈಟ್ ಅಂತ ಇದ್ದದ್ದು ಒಬ್ಬರೇ, ಅವರು ನನ್ನ ಅಕ್ಕನ ಗಂಡ! ಕುದುರೆ ಇದ್ದ ನೈಟ್‌ಗಳು ಅಲ್ಲಿ ಎಷ್ಟು ಜನ ಇದ್ದರು ಎಂದು ದಯವಿಟ್ಟು ಕೇಳಬೇಡಿ. ಆರೇಳುನೂರು ವರ್ಷದ ಹಿಂದೆ ಯೂರೋಪಿನಲ್ಲಿ ಕಬ್ಬಿಣದ ಅಂಗಿ ತೊಟ್ಟು, ಕುದುರೆ ಏರಿ, ಈಟಿ ಹಿಡಿದು ಓಡಾಡುತ್ತಿದ್ದ ಸರದಾರರಿದ್ದರಲ್ಲ, ಅವರಲ್ಲೊಬ್ಬರು ಹೇಗೋ ದಾರಿ ತಪ್ಪಿ ನಂಜನಗೂಡಿನಲ್ಲಿ ಹುಟ್ಟಿ, ನಮ್ಮ ಮನೆ ಅಳಿಯನಾಗಿ, ಫ್ಲೋರಲ್ ಪಾರ್ಕಿನ ಒಂದು ಮಹಡಿ ಮನೆಗೆ ಬಾಡಿಗೆಗೆ ಬಂದಿದ್ದರು. ಎಂಬತ್ತರ ದಶಕದಲ್ಲಿ ನಾನು ಹೀಗೆ ಹೇಳಿದಾಗಲೆಲ್ಲ ಸ್ನೇಹಿತರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನು ಮಾತ್ರ ಒಳಗೊಳಗೇ ಹಲ್ಲು ಕಡಿಯುತ್ತಿದ್ದೆ. ನಗುವವರಿಗೇನು, ಅವರ ಅಕ್ಕನನ್ನು ಕೊಟ್ಟಿರಲಿಲ್ಲವಲ್ಲ!

ಅಕ್ಕ ಲ್ಯಾಬ್ ಟೆಕ್ನಿಷಿಯನ್. ನಮ್ಮ ಮನೆತನದಲ್ಲಿ ಅಮೆರಿಕದ ವೀಸಾ ಮೊದಲು ಸಿಕ್ಕಿದ್ದು ಅವಳಿಗೆ. ಮೈಸೂರಿನಲ್ಲಿ ಹಿಸ್ಟರಿ ಪಾಠ ಮಾಡಿಕೊಂಡಿದ್ದ ಭಾವ ಡಿಪೆಂಡೆಂಟ್ ಆಗಿ ಅವಳ ಹಿಂದೆ ಬಂದರು. ಬೇರೆ ಗಂಡಸಾಗಿದ್ದರೆ ಈ ವಿಷಯ ಮುಚ್ಚಿಡುತ್ತಿದ್ದ. ಇವರು ಮನೆಗೆ ಬಂದವರಿಗೆಲ್ಲ, "ನಾನು ಅವರ ಸ್ಕ್ವೈರ್ ಆಗಿ ಬಂದೋನು. ಅಂದ್ರೆ ನೈಟ್‌ನ ಗುರಾಣಿ ಹೊತ್ಕೊಂಡು ಹಿಂದೆ ಹೋಗೋನು" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಗಮನಿಸಿ, 'ಅವರ'! ಭಾವ ತಮ್ಮ ಹೆಂಡತಿಯನ್ನು 'ತಾವು' ಎನ್ನುತ್ತಿದ್ದರು. "ತಾವು ಕಾಫಿ ತಗೊಂಡ್ರಾ?" "ತಮ್ಮ ಸ್ವೆಟರ್ ಎಲ್ಲಿ?" ಒಮ್ಮೆ ಮೈಸೂರಿನಿಂದ ಬಂದ ನಮ್ಮಮ್ಮ ಇದನ್ನು ಕೇಳಿ ಗಾಬರಿಬಿದ್ದು, ಗಂಡ ಹೆಂಡತಿ ಜಗಳವಾಡಿ ದೂರವಾಗಿದ್ದಾರೆಂದೇ ತಿಳಿದು, ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ರಾಜಿ ಮಾಡಿಸಲು ಹೊರಟಿದ್ದಳು!

ಬಂದ ಹೊಸದರಲ್ಲಿ ಭಾವ ಪಿಎಚ್‌ಡಿಗೆ ಸೇರಿದರು. ವಿಷಯ, ಮಧ್ಯಯುಗದ ಸಮಾಜದಲ್ಲಿ ನೈಟ್‌ಗಳ ಪಾತ್ರ. ನಾನು ಎಂಜಿನಿಯರಿಂಗ್ ಮುಗಿಸಿ, ಅಮೆರಿಕಕ್ಕೆ ಬಂದು, ಎಂಎಸ್ ಮಾಡಿ, ನ್ಯೂಜೆರ್ಸಿಯ ಪಿಸ್ಕಾಟವೇಯ ಒಂದು ಟೆಲಿಫೋನ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿ, ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿದರೂ ಆ ಥೀಸಿಸ್ ಮುಗಿದಿರಲಿಲ್ಲ. ಕೇಳಿದರೆ, "ಅಲ್ಲಯ್ಯ, ಮಧ್ಯಯುಗ ನಡೆದದ್ದೇ ಸಾವಿರ ವರ್ಷ. ಅದರ ಥೀಸಿಸ್‌ಗೆ ಹನ್ನೆರಡು ವರ್ಷ ಜಾಸ್ತಿನಾ?" ಎನ್ನುತ್ತಿದ್ದರು. ಇದಕ್ಕೆ ಏನು ಹೇಳುತ್ತೀರಿ? ಕೊನೆಗೆ ಯೂನಿವರ್ಸಿಟಿಯವರೇ ಬೇಸತ್ತು ಕೈಬಿಟ್ಟರು. ಭಾವ ಮ್ಯಾನ್‌ಹಟನ್ನಿನ ಒಂದು ಮ್ಯೂಸಿಯಂನಲ್ಲಿ ಗಾರ್ಡ್ ಆಗಿ ಸೇರಿಕೊಂಡರು. ನಿಂತುಕೊಳ್ಳುವ ಜಾಗ ಯಾವುದು ಗೊತ್ತೇ? ಹಳೆಯ ಕವಚ, ಕತ್ತಿ, ಗುರಾಣಿ ಇಟ್ಟಿದ್ದ ಹಾಲ್! ಹಣೆಬರಹಕ್ಕೂ ಒಂದೊಂದು ಸಲ ತಮಾಷೆ ಮಾಡಬೇಕು ಅನ್ನಿಸುತ್ತದೆ.

ಗಾರ್ಡ್ ಅಂದಮೇಲೆ ಹೇಳಬೇಕಾದ ಮಾತು ಎರಡೇ. ಒಂದು, ಮುಟ್ಟಬೇಡಿ. ಎರಡು, ರೆಸ್ಟ್‌ರೂಮ್ ಆ ಕಡೆ. ಭಾವ ಎರಡನ್ನೂ ಸರಿಯಾಗಿ ಹೇಳಲಿಲ್ಲ. ಯಾರೋ ಪಾಪ, ಅವಸರದಲ್ಲಿ ರೆಸ್ಟ್‌ರೂಮ್ ಎಲ್ಲಿ ಎಂದು ಕೇಳಿದರೆ, "ಒಳ್ಳೆಯ ಪ್ರಶ್ನೆ! ಈ ಕವಚ ತೊಟ್ಟವನು ಆ ಕೆಲಸಕ್ಕೆ ಏನು ಮಾಡ್ತಿದ್ದ ಗೊತ್ತಾ?" ಎಂದು ಶುರುಮಾಡಿ ಹತ್ತು ನಿಮಿಷ ಬಿಡುತ್ತಿರಲಿಲ್ಲವಂತೆ. ಮೇಲಿನವರಿಂದ ಮೂರು ಸಲ ಎಚ್ಚರಿಕೆ ಬಂತು. ಅಕ್ಕ ಡಬಲ್ ಶಿಫ್ಟ್ ಮಾಡಿ ಮನೆ ನಡೆಸಿದಳು.

ನನ್ನ ಸಿಟ್ಟಿಗೆ ಕಾರಣ ಇದೇ. ಪ್ರತಿ ಶನಿವಾರ ಎರಡು ಸೇತುವೆ ದಾಟಿ, ಬೆಲ್ಟ್ ಪಾರ್ಕ್‌ವೇಯಲ್ಲಿ ಒದ್ದಾಡಿಕೊಂಡು ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆ, ಅಕ್ಕನ ಕೈ ಸಾರು ಉಣ್ಣಲು. ಹೋದರೆ ಅವಳ ಕಣ್ಣ ಕೆಳಗೆ ಕಪ್ಪು. ಪಕ್ಕದಲ್ಲಿ ಭಾವ ಹನ್ನೆರಡನೇ ಶತಮಾನದಲ್ಲಿ ಆರಾಮವಾಗಿರುತ್ತಿದ್ದರು.

ಒಂದು ಶನಿವಾರ ಮೂವರೂ ಹಿಲ್‌ಸೈಡ್ ಅವೆನ್ಯೂಗೆ ದಿನಸಿ ತರಲು ಹೋದೆವು. ಕಾರಿನಲ್ಲಿ ಅಕ್ಕ ಮುಂದಿನ ಸೀಟು, ಭಾವ ಹಿಂದೆ. ಕಾರು ನಿಂತ ಕೂಡಲೇ ಭಾವ ಇಳಿದು, ಸುತ್ತು ಹಾಕಿ ಬಂದು, ಅಕ್ಕನ ಬಾಗಿಲು ತೆಗೆದು ಹಿಡಿಯಬೇಕು. ಜನವರಿ ಚಳಿಗಾಳಿ ಒಳಗೆ ನುಗ್ಗಿದರೂ ಸರಿ! ಅಂಗಡಿ ಬಾಗಿಲಲ್ಲೂ ಅದೇ. ಅಕ್ಕ ಒಳಗೆ ಹೋದಳು, ಅವಳ ಹಿಂದೆ ಒಬ್ಬರು ಗುಜರಾತಿ ಅಜ್ಜಿ, ಅಜ್ಜಿಯ ಹಿಂದೆ ಇಬ್ಬರು ಸೊಸೆಯರು, ಆಮೇಲೆ ಸ್ಟ್ರೋಲರ್ ತಳ್ಳಿಕೊಂಡು ಒಬ್ಬಳು. ನಾವು ಬೇಳೆ, ಹುಣಿಸೆಹಣ್ಣು, ಕರಿಬೇವು ಎಲ್ಲ ತೆಗೆದುಕೊಂಡು ಬರುವ ತನಕ ಭಾವ ಬಾಗಿಲು ಹಿಡಿದೇ ನಿಂತಿದ್ದರು. ಅವರನ್ನು ಅಂಗಡಿಯ ಆಳೆಂದುಕೊಂಡು ಯಾರೋ ಆಂಟಿ ಕೈಗೆ ಒಂದು ಕ್ವಾರ್ಟರ್, ಅಂದರೆ ಇಪ್ಪತ್ತೈದು ಸೆಂಟಿನ ನಾಣ್ಯ, ಇಟ್ಟು ಹೋಗಿದ್ದಳು! ನನಗೆ ಮೈಯೆಲ್ಲ ಉರಿದುಹೋಯಿತು.

"ಬಿಟ್ಟು ಬರಬಾರದಾ ಭಾವ?" ಎಂದೆ.

"ಹೇಗಯ್ಯ ಬಿಡೋದು? ಪ್ರತಿ ಸಲ ಬಿಡಬೇಕು ಅನ್ನೋಷ್ಟರಲ್ಲಿ ಇನ್ನೊಬ್ಬರು ಬರ್ತಿದ್ರು. ಹಿಡಿದ ಬಾಗಿಲು ಅವರ ಮುಖದ ಮೇಲೆ ಹಾಕೋದಾ?"

ಮನೆಗೆ ಬಂದ ಮೇಲೆ ಅಕ್ಕ ಆ ಕ್ವಾರ್ಟರ್ ಇಸಿದುಕೊಂಡು ದೇವರ ಮುಂದಿನ ಡಬ್ಬಿಗೆ ಹಾಕಿದಳು. "ಅವರ ಸಂಬಳ ಕಣೋ" ಎಂದು ನಕ್ಕಳು. ಅವಳು ಯಾಕೆ ನಗುತ್ತಾಳೋ ನನಗೆ ಅರ್ಥವಾಗುತ್ತಿರಲಿಲ್ಲ.

ಇನ್ನು ಭಾವನ ಮಾತು. ನಮ್ಮ ಜನರ ಪದ್ಧತಿ ನಿಮಗೆ ಗೊತ್ತಲ್ಲ. ಯುಗಾದಿ ಊಟದಲ್ಲಿ ಸಿಕ್ಕವರು, "ಒಂದ್ಸಲ ಮನೆಗೆ ಬನ್ನಿ" ಎನ್ನುತ್ತಾರೆ. ನಾವು, "ಖಂಡಿತ, ಮುಂದಿನ ಶನಿವಾರ ಬರ್ತೀವಿ" ಎನ್ನುತ್ತೇವೆ. ಅವರೂ ಮರೆಯುತ್ತಾರೆ, ನಾವೂ ಮರೆಯುತ್ತೇವೆ, ಸ್ನೇಹ ಚೆನ್ನಾಗಿ ಮುಂದುವರಿಯುತ್ತದೆ. ಭಾವ ಒಮ್ಮೆ ಲಾಂಗ್ ಐಲೆಂಡಿನ ಒಬ್ಬರಿಗೆ ಹೀಗೆ ಹೇಳಿಬಿಟ್ಟರು. ಆ ಶನಿವಾರ ಮೊಣಕಾಲು ಮಟ್ಟ ಹಿಮ. ಟೀವಿಯಲ್ಲಿ ಯಾರೂ ಹೊರಗೆ ಬರಬೇಡಿ ಎಂದು ಬಡಕೊಳ್ಳುತ್ತಿದ್ದಾರೆ. ಭಾವ ಟ್ರೇನು ಹಿಡಿದು, ಸ್ಟೇಷನ್ನಿನಿಂದ ಒಂದೂವರೆ ಮೈಲಿ ಹಿಮದಲ್ಲಿ ನಡೆದು, ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಬಾಗಿಲು ತಟ್ಟಿದರು. ಪೈಜಾಮದಲ್ಲಿ ಬಾಗಿಲು ತೆಗೆದ ಮಹಾಶಯರಿಗೆ ಇವರು ಯಾರೆಂಬುದೇ ಮರೆತುಹೋಗಿತ್ತಂತೆ! ಅವರ ಮನೆಯಲ್ಲಿ ಇದ್ದದ್ದು ಬ್ರೆಡ್ಡು. ಭಾವ ಎರಡು ಸ್ಲೈಸು ತಿಂದು, ಕೈಮುಗಿದು, ಬಂದ ದಾರಿಯಲ್ಲೇ ಹಿಂದಿರುಗಿದರು. ಆಮೇಲೆ ಒಂದು ವಾರ ಜ್ವರ.

ಜ್ವರ ನೋಡಿಕೊಂಡವಳು ಯಾರು? ಡಬಲ್ ಶಿಫ್ಟಿನವಳು!

"ಆ ನೈಟ್‌ಗಳು ಅಷ್ಟು ಒಳ್ಳೆಯವರಾ ಭಾವ?" ಎಂದು ಒಂದು ದಿನ ಊಟದ ಮೇಜಿನಲ್ಲಿ ಕೆಣಕಿದೆ.

"ಒಳ್ಳೆಯವರಾ! ಮುಕ್ಕಾಲುಪಾಲು ಪುಂಡರು ಕಣಯ್ಯ" ಎಂದರು, ಸ್ವಂತ ಚಿಕ್ಕಪ್ಪಂದಿರ ಬಗ್ಗೆ ಹೇಳುವ ಹಾಗೆ. "ರೈತರ ಪೈರು ತುಳಿಯೋರು, ಊರಿಗೆ ಬೆಂಕಿ ಇಡೋರು. ಒಬ್ಬ ನೈಟ್‌ನ ಕುದುರೆ, ಕವಚ ಸಾಕೋಕೆ ಒಂದು ಹಳ್ಳಿಗೆ ಹಳ್ಳಿಯೇ ದುಡೀಬೇಕಿತ್ತು. ಅದಕ್ಕೇ ನಿಯಮ ಮಾಡಿದ್ದು. ಹೆಂಗಸರನ್ನ, ಬಡವರನ್ನ ಕಾಪಾಡು, ಕೊಟ್ಟ ಮಾತು ಉಳಿಸ್ಕೊ ಅಂತ. ಒಳ್ಳೆಯವರಿಗೆ ಯಾರಾದ್ರೂ ನಿಯಮ ಮಾಡ್ತಾರಾ? ಕುದುರೆಗೆ ಲಗಾಮು ಇತ್ತು, ಮೇಲೆ ಕೂತವನಿಗೆ ಬೇಡವಾ?"

ಅಷ್ಟಕ್ಕೇ ಬಿಟ್ಟಾರೆಯೇ? ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ನೈಟ್ ತನ್ನ ಒಡೆಯನಿಗೆ ನಿಷ್ಠೆ ಒಪ್ಪಿಸುವ ಕ್ರಮ ತೋರಿಸಬೇಕಂತೆ. ಅವನು ಮಂಡಿಯೂರಿ, ನಾವು ನಮಸ್ಕಾರ ಮಾಡುವ ಹಾಗೆ ಕೈ ಜೋಡಿಸಬೇಕು. ಒಡೆಯ ಆ ಜೋಡಿಸಿದ ಕೈಗಳನ್ನು ತನ್ನೆರಡು ಕೈಗಳ ನಡುವೆ ಹಿಡಿಯಬೇಕು. ಅಲ್ಲಿಂದ ಇವನು ಒಡೆಯನಿಗಾಗಿ ಹೋರಾಡಬೇಕು, ಒಡೆಯ ಇವನನ್ನು ನೋಡಿಕೊಳ್ಳಬೇಕು. ಭಾವ ಮಂಡಿಯೂರಿದರು, ನಾನು ಒಡೆಯ! ಸಾರು ಮೆತ್ತಿದ ಕೈಯಲ್ಲಿ ಹಿಡಿದೆ.

"ಹಾಗಲ್ಲ, ಪೂರ್ತಿ ಮುಚ್ಚಬೇಕು." ಮುಚ್ಚಿದೆ. "ಅಷ್ಟು ಬಿಗಿ ಅಲ್ಲಯ್ಯ." ಸಡಿಲಿಸಿದೆ. "ಅಷ್ಟು ಸಡಿಲ ಅಲ್ಲ. ಗುಬ್ಬಚ್ಚಿ ಮರಿ ಹಿಡಿದ ಹಾಗೆ ಹಿಡೀಬೇಕು."

"ಸಾಕು ಏಳಿ ಭಾವ, ಸಾರು ಆರುತ್ತೆ" ಎಂದು ಬಿಟ್ಟುಬಿಟ್ಟೆ.

ಕೂತ ಮೇಲೂ ನಿಲ್ಲಲಿಲ್ಲ. ಯುದ್ಧದಲ್ಲಿ ಸೆರೆಸಿಕ್ಕ ನೈಟ್‌ನ ಕಥೆ ಬಂತು. ಅವನನ್ನು ಕೊಲ್ಲುತ್ತಿರಲಿಲ್ಲವಂತೆ. ಇಂಥ ದಿನ ಹಿಂದಿರುಗುತ್ತೇನೆ ಎಂದು ಮಾತು ಕೊಟ್ಟರೆ ಸಾಕು, ಬಿಡುಗಡೆಗೆ ಕೇಳಿದ ಹಣ ಹೊಂದಿಸಲು ಅವನ ಊರಿಗೇ ಕಳಿಸುತ್ತಿದ್ದರಂತೆ. ಹೊಂದಿಸಲು ಆಗದಿದ್ದರೆ ತಾನಾಗಿಯೇ ಬಂದು ಸೆರೆಯಲ್ಲಿ ಕೂರುತ್ತಿದ್ದನಂತೆ. ಒಬ್ಬನಿಗಾಗಿ ಇನ್ನೊಬ್ಬ ಒತ್ತೆಯಾಳಾಗಿ ಕೂರುವುದೂ ಇತ್ತಂತೆ.

"ತಪ್ಪಿಸಿಕೊಂಡು ಮನೆ ಸೇರಿದ ಮೇಲೆ ಯಾವ ಹುಚ್ಚ ವಾಪಸ್ ಬರ್ತಾನೆ?" ಎಂದೆ.

ಅಕ್ಕ ಮಜ್ಜಿಗೆ ಬಡಿಸುತ್ತ, "ಇವರು ಬರ್ತಾರೆ ಕಣೋ" ಎಂದಳು.

ಮುಂದಿನ ವರ್ಷ ಅಕ್ಕನಿಗೆ ಹೊಟ್ಟೆನೋವು ಶುರುವಾಯಿತು. ಬೇರೆಯವರ ರಕ್ತ, ಸ್ಲೈಡು ನೋಡಿ ನೋಡಿ ಪಳಗಿದವಳು ತನ್ನದರ ರಿಪೋರ್ಟನ್ನು ಒಬ್ಬಳೇ ಓದಿಕೊಂಡು ಮನೆಗೆ ಬಂದಳು. ಕ್ಯಾನ್ಸರ್, ಲಿವರ್‌ಗೂ ಹರಡಿತ್ತು. ನನಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಇವರಿಗೆ ಅಡುಗೆ ಕಲಿಸಬೇಕು ಕಣೋ, ಟೈಮ್ ಜಾಸ್ತಿ ಇಲ್ಲ."

ಆಗಸ್ಟ್ ಹೊತ್ತಿಗೆ ಮ್ಯಾನ್‌ಹಟನ್ನಿನ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಒಂಬತ್ತನೇ ಮಹಡಿ. ಕಿಟಕಿ ತೆರೆಯಲು ಬರುವಂತಿರಲಿಲ್ಲ. ಭಾವ ಡ್ಯೂಟಿ ಮುಗಿಸಿ ಅದೇ ನೀಲಿ ಯೂನಿಫಾರ್ಮಿನಲ್ಲಿ ಬಂದು ಮಂಚದ ಪಕ್ಕ ನಿಲ್ಲುತ್ತಿದ್ದರು. ಕುರ್ಚಿ ಇದ್ದರೂ ನಿಲ್ಲುತ್ತಿದ್ದರು. ಬಂದ ನರ್ಸ್‌ಗಳಿಗೆಲ್ಲ ಬಾಗಿಲು ತೆಗೆಯುತ್ತಿದ್ದರು. ನಾನು ಅದನ್ನು ನೋಡಿ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಜೀವಮಾನವಿಡೀ ದುಡಿಸಿಕೊಂಡು ಈಗ ಬಾಗಿಲು ತೆಗೆಯುತ್ತಾರಂತೆ!

ಗೌರಿ ಹಬ್ಬ ಹತ್ತಿರ ಬಂತು. ಅಕ್ಕನಿಗೆ ಒಂದೇ ಆಸೆ, ಹಬ್ಬದ ದಿನ ಮನೆಯಲ್ಲಿ ಕೂತು ತವರಿನ ಬಾಗಿನ ತೆಗೆದುಕೊಳ್ಳಬೇಕು. ಅಮ್ಮನೂ ಹೋದ ಮೇಲೆ ತವರು ಅಂದರೆ ಈಗ ನಾನೊಬ್ಬನೇ. ಡಾಕ್ಟರು ಬಿಳಿಗೂದಲಿನ ಸಣಕಲು ಮನುಷ್ಯ, ಸದಾ ನಿದ್ದೆಗೆಟ್ಟ ಮುಖ. ಸಾಧ್ಯವಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿದರು. ನಾನು ಎಂಜಿನಿಯರ್ ಬುದ್ಧಿ ಉಪಯೋಗಿಸಿ ವಾದ ಮಾಡಿದೆ, ಆಗಲಿಲ್ಲ. ಆಗ ಭಾವ ಮುಂದೆ ಬಂದು, ನೆಟ್ಟಗೆ ನಿಂತು, ತಮ್ಮ ಮೈಸೂರು ಇಂಗ್ಲಿಷಿನಲ್ಲಿ, "ಸರ್, ಸಂಜೆ ಆರು ಗಂಟೆಗೆ ಈ ಮಂಚ ಖಾಲಿ ಇರೋದಿಲ್ಲ. ಇದು ನನ್ನ ಮಾತು" ಎಂದರು.

ಡಾಕ್ಟರು ಅವರ ಯೂನಿಫಾರ್ಮ್ ನೋಡಿದರು, ಮುಖ ನೋಡಿದರು. ಏನನ್ನಿಸಿತೋ, ಸಹಿ ಹಾಕಿದರು.

ಹಬ್ಬದ ಬೆಳಿಗ್ಗೆ ಕರೆದುಕೊಂಡು ಹೋದೆವು. ಮೆಟ್ಟಿಲ ಮೇಲೆ ಅಕ್ಕನನ್ನು ಭಾವ ಎತ್ತಿಕೊಂಡೇ ಹೋದರು. ಅವಳಲ್ಲಿ ಎತ್ತುವುದಕ್ಕೆ ಏನು ಉಳಿದಿತ್ತು? ಬಾಗಿನಕ್ಕೆ ಮೊರ ಬೇಕಲ್ಲ, ನ್ಯೂಯಾರ್ಕಿನಲ್ಲಿ ಮೊರ ಎಲ್ಲಿಂದ ತರಲಿ? ಎರಡು ಅಲ್ಯೂಮಿನಿಯಂ ಟ್ರೇ ತಂದು, ಒಂದರಲ್ಲಿ ಅಕ್ಕಿ, ಬೇಳೆ, ಬೆಲ್ಲ, ಬಳೆ, ಕುಂಕುಮ ಎಲ್ಲ ಇಟ್ಟು, ಇನ್ನೊಂದನ್ನು ಮುಚ್ಚಿ ಕೊಟ್ಟೆ. ಅಕ್ಕ ರೇಷ್ಮೆ ಸೀರೆಯ ಸೆರಗು ಮುಂದೆ ತಂದು ಹಿಡಿದು ತೆಗೆದುಕೊಂಡಳು. ಬಳೆ ಹಾಕಿಕೊಂಡರೆ ಮೊಣಕೈ ತನಕ ಜಾರಿತು. ಭಾವ ಮಾಡಿದ ಪಾಯಸ ಒಂದು ಚಮಚ ತಿಂದು, "ಪರವಾಗಿಲ್ಲ, ಪಾಸು" ಎಂದಳು. ಸೋಫಾದ ಮೇಲೆ ಒರಗಿ, ಕಿಟಕಿ ತೆಗೆಸಿ, ಎದುರಿನ ಮನೆಯವರು ಹುಲ್ಲು ಕತ್ತರಿಸುವ ಸದ್ದು ಕೇಳುತ್ತ ನಿದ್ದೆ ಮಾಡಿದಳು.

ನಾಲ್ಕು ಗಂಟೆಗೆ ಎಚ್ಚರವಾಯಿತು. ಭಾವ ಗಡಿಯಾರ ನೋಡಿದರು. ಆರಕ್ಕೆ ತಲುಪಬೇಕಾದರೆ ನಾಲ್ಕೂವರೆಗೆ ಹೊರಡಬೇಕು. ಅಕ್ಕನ ಚಪ್ಪಲಿ ತಂದು ಅವಳ ಕಾಲ ಬಳಿ ಇಟ್ಟರು.

ಅಕ್ಕ ಚಪ್ಪಲಿ ನೋಡಿದಳು. "ನಾನು ಹೋಗಲ್ಲ ರೀ" ಎಂದಳು. "ಅಲ್ಲಿ ಸಾಯಲ್ಲ. ಇಲ್ಲೇ ಇರ್ತೀನಿ."

ನಾನು ಹೆದರಿದೆ. ಯಾಕೆ ಅಂತೀರಾ? ನನಗೆ ಭಾವ ಗೊತ್ತು! ಎರಡು ಸ್ಲೈಸ್ ಬ್ರೆಡ್ಡಿಗೆ ಹಿಮದಲ್ಲಿ ನಡೆದವರು. ಕೊಟ್ಟ ಮಾತು ಎಂದು ಈಗ ನನ್ನ ಅಕ್ಕನನ್ನು ಎತ್ತಿಕೊಂಡು ಮೆಟ್ಟಿಲು ಇಳಿದೇ ಇಳಿಯುತ್ತಾರೆ ಎಂದುಕೊಂಡೆ. ಎದ್ದು ಹೋಗಿ ಸೋಫಾಗೆ ಅಡ್ಡ ನಿಂತೆ. "ಅವಳನ್ನ ಮುಟ್ಟಿದ್ರೆ ನೋಡಿ ಭಾವ" ಎಂದೂ ಹೇಳಿದೆ. ಇವತ್ತಿಗೂ ಆ ಮಾತು ನೆನೆದರೆ ನಾಚಿಕೆಯಾಗುತ್ತದೆ.

ಭಾವ ನನ್ನ ಕಡೆ ನೋಡಲೂ ಇಲ್ಲ. ಅಕ್ಕನ ಚಪ್ಪಲಿಗಳನ್ನು ಎತ್ತಿ ವಾಪಸ್ ಗೂಡಿನಲ್ಲಿಟ್ಟರು. ಒಳಗೆ ಹೋಗಿ ಒಂದು ಚೀಲ ತಂದರು. ಅದರಲ್ಲಿ ಅವರ ಟವೆಲ್ಲು, ಹಲ್ಲುಜ್ಜುವ ಬ್ರಷ್ಷು, ಒಂದು ಪಂಚೆ.

"ನೀನು ಮಲಗಿರು" ಎಂದರು ಅಕ್ಕನಿಗೆ, ಮೊದಲ ಸಲ 'ತಾವು' ಬಿಟ್ಟು. "ನಾನು ಹೋಗ್ತೀನಿ."

ನನಗೆ ಏನೂ ತಿಳಿಯಲಿಲ್ಲ. ಕೇಳುವಷ್ಟರಲ್ಲಿ ಮೆಟ್ಟಿಲು ಇಳಿದು, ಹಿಲ್‌ಸೈಡ್ ಅವೆನ್ಯೂ ಬಸ್ಸು ಹತ್ತಿ, ಅಲ್ಲಿಂದ ಎಫ್ ಟ್ರೇನ್ ಹಿಡಿದು ಹೊರಟುಹೋಗಿದ್ದರು. ಅಕ್ಕನಿಗೆ ಮಾತ್ರ ಎಲ್ಲ ತಿಳಿದ ಹಾಗಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳಲಾರೆ.

ಆರು ಹತ್ತಕ್ಕೆ ಫೋನ್ ಬಂತು. ಡಾಕ್ಟರೇ ಮಾಡಿದ್ದರು. "ನಿಮ್ಮ ಅಕ್ಕನ ಮಂಚದ ಮೇಲೆ ಅವರ ಗಂಡ ಕೂತಿದ್ದಾರೆ. ಪೇಷಂಟ್ ಬರೋದಿಲ್ಲ, ಅವರ ಬದಲು ನಾನು ಒತ್ತೆಯಾಳಾಗಿ ಬಂದಿದ್ದೇನೆ ಅಂತಿದ್ದಾರೆ. ನರ್ಸ್ ಎಬ್ಬಿಸಿದರೆ ಏಳುತ್ತಿಲ್ಲ. ಇವರು ಎಷ್ಟು ಹೊತ್ತು ಕೂರುತ್ತಾರೆ?"

ನಾನು ಪೆದ್ದುಪೆದ್ದಾಗಿ ಅಕ್ಕನನ್ನು ಕೇಳಿದೆ. ಅವಳೆಂದಳು, "ಬಿಡೋ ತನಕ ಅಂತ ಹೇಳು."

ಹೇಳಿದೆ. ಆಮೇಲೆ ಡಾಕ್ಟರು ನಿಧಾನವಾಗಿ, ಮನೆಗೇ ನರ್ಸ್ ಬರುವ ಏರ್ಪಾಟು ಇದೆ, ನೋವಿನ ಔಷಧಿ ಕಳಿಸುತ್ತೇನೆ, ಎಂದರು. ಎಂಟು ಗಂಟೆಗೆ ಭಾವ ಔಷಧಿಯ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದರು.

"ಬಿಟ್ರಾ?" ಎಂದಳು ಅಕ್ಕ.

"ಮಾತಿನ ಮೇಲೆ ಬಿಟ್ಟಿದ್ದಾರೆ" ಎಂದರು ಭಾವ. "ಎಲ್ಲ ಮುಗಿದ ಮೇಲೆ ಒಂದ್ಸಲ ಬಂದು ಹೇಳ್ಬೇಕಂತೆ."

ಅಕ್ಕ ಹತ್ತೊಂಬತ್ತು ದಿನ ಇದ್ದಳು. ತೆರೆದ ಕಿಟಕಿಯ ಪಕ್ಕ, ತನ್ನ ಮಂಚದ ಮೇಲೆ. ಭಾವನಿಗೆ ಹುಳಿ, ಗೊಜ್ಜು, ಚಿತ್ರಾನ್ನ ಹೇಳಿಕೊಟ್ಟಳು. ಮೊಸರು ಹೆಪ್ಪು ಹಾಕುವುದು ಮಾತ್ರ ಉಳಿದುಹೋಯಿತು. ಒಂದು ಮಧ್ಯಾಹ್ನ, ಅದೇ ಹುಲ್ಲು ಕತ್ತರಿಸುವ ಸದ್ದಿನ ನಡುವೆ, ಹೋದಳು.

ಹದಿಮೂರನೇ ದಿನದ ಊಟ ಮುಗಿದ ಮಾರನೆಯ ದಿನ ಭಾವ ಯೂನಿಫಾರ್ಮ್ ಇಸ್ತ್ರಿ ಮಾಡಿ ಹಾಕಿಕೊಂಡು ನಿಂತಿದ್ದರು. ನಾನು ಕೇಳಲಿಲ್ಲ, ಕಾರು ತೆಗೆದೆ. ಮುಂದಿನ ಸೀಟು ಖಾಲಿಯಿದ್ದರೂ ಅವರು ಹಿಂದೆಯೇ ಕೂತರು. ಆಸ್ಪತ್ರೆಯಲ್ಲಿ ಡಾಕ್ಟರು ಕಾರಿಡಾರಿನಲ್ಲೇ ಸಿಕ್ಕರು. ಭಾವ ಹೇಳಿದರು. ಡಾಕ್ಟರು ಅವರ ಭುಜ ಮುಟ್ಟಿ, "ನಿಮ್ಮ ಮಾತು ಪೂರ್ತಿಯಾಯಿತು. ಇನ್ನು ನೀವು ಸ್ವತಂತ್ರರು" ಎಂದರು. ಎರಡು ನಿಮಿಷದ ಕೆಲಸ.

ವಾಪಸ್ ಬರುವಾಗ ಸುರಂಗದ ದೀಪಗಳ ಕೆಳಗೆ ಒಮ್ಮೆ, "ಬಿಟ್ಟುಬಿಟ್ರು ಕಣಯ್ಯ" ಎಂದರು. ಅದಕ್ಕಿಂತ ದುಃಖದ ಮಾತನ್ನು ನಾನು ಕೇಳಿಲ್ಲ.

ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದೆ. "ಭಾವ, ಒಡೆಯ ಹೋದಮೇಲೆ ನೈಟ್ ಏನು ಮಾಡ್ತಿದ್ದ?"

"ಇನ್ನೊಬ್ಬರ ಕೈಯಲ್ಲಿ ಕೈ ಇಡ್ತಿದ್ದ. ಯಾರೂ ಇಲ್ದಿದ್ರೆ ಊರೂರು ಅಲೀತಿದ್ದ."

ಮನೆ ಮುಂದೆ ಕಾರು ನಿಲ್ಲಿಸಿದೆ. ಭಾವ ಇಳಿದು, ಸುತ್ತು ಹಾಕಿ ಬಂದು, ಮುಂದಿನ ಬಾಗಿಲು ತೆಗೆದು ಹಿಡಿದರು. ಅಲ್ಲಿ ಯಾರೂ ಇರಲಿಲ್ಲ. ಅವರಿಗೂ ಆಗ ತಿಳಿಯಿತು. ಆದರೂ ಬಾಗಿಲು ಹಿಡಿದೇ ನಿಂತಿದ್ದರು, ಬಿಡುವುದು ಹೇಗೆಂದು ಗೊತ್ತಾಗದೆ.

ನಾನು ಇಳಿದು ಆ ಕಡೆ ಹೋದೆ. ಅವರ ಕೈ ಬಿಡಿಸಿ ಬಾಗಿಲು ಹಾಕಿದೆ. "ಹೊತ್ತಾಯ್ತು, ನೀನು ಹೊರಡಪ್ಪ, ಬ್ರಿಡ್ಜ್‌ನಲ್ಲಿ ಟ್ರಾಫಿಕ್ ಇರುತ್ತೆ" ಎಂದು ಭಾವ ನನಗೆ ಕೈಮುಗಿದರು. ನಾನು ಆ ಕೈಗಳನ್ನು ನನ್ನೆರಡು ಕೈಗಳ ನಡುವೆ ಹಿಡಿದುಕೊಂಡೆ. ಪೂರ್ತಿ ಮುಚ್ಚಿದ್ದೆನೋ ಇಲ್ಲವೋ, ಬಿಗಿಯಾಯಿತೋ ಸಡಿಲವಾಯಿತೋ ತಿಳಿಯಲಿಲ್ಲ.

ಭಾವ ತಿದ್ದಲಿಲ್ಲ.